ಬುಧವಾರ ಭಾರವಾದದ್ದು ಹೇಗೆ?

ಹೊರ ವರ್ತುಲ ರಸ್ತೆಯ ಒಂದು ಟೆಕ್ ಪಾರ್ಕಿನ ಬೆನ್ನಿಗಿರುವ ದರ್ಶಿನಿಯಲ್ಲಿ ವಾರದ ಲೆಕ್ಕ ನಡೆಯುವುದು ದೋಸೆ ಹಿಟ್ಟಿನಲ್ಲಿ. ಸೋಮವಾರಕ್ಕೆ ಎರಡು ಡ್ರಮ್, ಮಂಗಳವಾರಕ್ಕೆ ಮೂರು, ಬುಧವಾರಕ್ಕೆ ನಾಲ್ಕು. ಗುರುವಾರ ಮತ್ತೆ ಮೂರಕ್ಕೆ ಇಳಿಯುತ್ತದೆ. ಶುಕ್ರವಾರ ಒಂದೂವರೆ ಸಾಕು, ಅದರಲ್ಲೂ ಮಿಕ್ಕದ್ದು ಸಂಜೆಗೆ ಪಡ್ಡು. “ಮುಂಚೆ ಸೋಮವಾರ ಅಂದ್ರೆ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ ಸಾರ್. ಈಗ ಶನಿ ಬಂದು ಬುಧವಾರಕ್ಕೆ ಹಿಡ್ಕೊಂಡಿದೆ” ಎಂದ ಟೋಕನ್ ಹರಿಯುವ ಹುಡುಗ.

ಪೊಲೀಸರ ಲೆಕ್ಕವೂ ಇದಕ್ಕೆ ತಾಳೆಯಾಗುತ್ತದೆ. 2025ರಲ್ಲಿ ಬೆಂಗಳೂರು ಸಂಚಾರ ಪೊಲೀಸರು ಈ ರಸ್ತೆಯ ಕಂಪನಿಗಳವರನ್ನು ಕರೆದು ಕೂರಿಸಿಕೊಂಡು, ಬುಧವಾರ ಒಂದು ದಿನವಾದರೂ ನಿಮ್ಮವರಿಗೆ ಮನೆಯಿಂದಲೇ ಕೆಲಸ ಕೊಡಿ ಎಂದು ಕೇಳಿಕೊಂಡರು. ವಾರದ ಬೇರಾವ ದಿನಕ್ಕೂ ಇಲ್ಲದ ದಟ್ಟಣೆ ಆ ದಿನಕ್ಕೆ. ಹಬ್ಬವಲ್ಲ, ಹುಣ್ಣಿಮೆಯಲ್ಲ, ಸಂತೆಯೂ ಅಲ್ಲ. ಇದ್ದಕ್ಕಿದ್ದಂತೆ ಬುಧವಾರಕ್ಕೆ ಇಷ್ಟು ತೂಕ ಬಂದದ್ದೆಲ್ಲಿಂದ?

ಉತ್ತರಕ್ಕೆ 2020ಕ್ಕೆ ಹಿಂದಿರುಗಬೇಕು. ಕಾಲ್ ಸೆಂಟರಿನ ಕೆಲಸ ಮನೆಯಿಂದ ಮಾಡಿಸುವುದು ಅಲ್ಲಿಯವರೆಗೆ ಸುಲಭದ ಮಾತಾಗಿರಲಿಲ್ಲ. ಕಂಪನಿ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಪಡೆಯಬೇಕಿತ್ತು, ಠೇವಣಿ ಇಡಬೇಕಿತ್ತು. 2020ರ ಮಾರ್ಚ್ 13ರಂದು ಇಲಾಖೆ ಆ ಕಟ್ಟಳೆಗಳನ್ನು ಸಡಿಲಿಸಿತು. ಹನ್ನೊಂದು ದಿನದ ನಂತರ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಗೆ ಬಂದು ದೇಶಕ್ಕೆ ಬೀಗ ಹಾಕಿದರು. ಆ ನಡುವಿನ ದಿನಗಳಲ್ಲಿ ಕ್ಯಾಬುಗಳ ಹಿಂದಿನ ಸೀಟಿನಲ್ಲಿ ಮನುಷ್ಯರ ಬದಲು ಕಂಪ್ಯೂಟರುಗಳು ಓಡಾಡಿದವು. ನಮ್ಮ ಬೀದಿಯ ಹುಡುಗನೊಬ್ಬನ ಮನೆಗೆ ಮಾನಿಟರ್ ಬಂದಿಳಿದದ್ದು ನನಗೆ ಚೆನ್ನಾಗಿ ನೆನಪಿದೆ. ಸೀಟ್ ಬೆಲ್ಟ್ ಬಿಗಿದುಕೊಂಡು, ಬೆನ್ನ ಮೇಲೆ ಕಂಪನಿಯ ನಂಬರ್ ಚೀಟಿ ಅಂಟಿಸಿಕೊಂಡು, ಹೊಸ ಸೊಸೆಯ ಹಾಗೆ ಬಂತು. ಅವರಮ್ಮ ದೇವರ ಮನೆಯ ಪಕ್ಕದ ಸ್ಟೂಲನ್ನು ಬಿಟ್ಟುಕೊಟ್ಟರು. ಎರಡು ತಿಂಗಳಿಗೆ ಅಂತ ಬಂದದ್ದು ಎರಡೂವರೆ ವರ್ಷ ಅಲ್ಲೇ ಕೂತಿತು.

ಪಿ.ಜಿ.ಗಳು ಖಾಲಿಯಾದವು. ಮಾರತಹಳ್ಳಿ, ಬಿ.ಟಿ.ಎಂ. ಲೇಔಟಿನ ಗೇಟುಗಳಲ್ಲಿ ‘ಟು ಲೆಟ್’ ಬೋರ್ಡು ಮಳೆಗೆ ಬಣ್ಣ ಬಿಟ್ಟಿತು. ಸಾಲದ ಕಂತು ಕಟ್ಟಲಾಗದ ಚಾಲಕರು ಕಾರು ಮಾರಿ ಊರಿಗೆ ಹೋದರು. ಅತ್ತ ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ಹುಡುಗರು ಕೊಡೆಯ ಕೆಳಗೆ ಕೂತು ಅಮೆರಿಕದವರೊಂದಿಗೆ ಮೀಟಿಂಗ್ ಮಾಡಿದರು. ಕೆಲಸ ನಿಲ್ಲಲಿಲ್ಲ. ಇದು ಮುಖ್ಯ. ಕೆಲಸ ನಿಂತುಹೋಗಿದ್ದರೆ ವಾಪಸು ಕರೆಯುವುದಕ್ಕೆ ಕಾರಣ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಹಾಗಾಗಿ ದೊಡ್ಡ ಮಾತುಗಳೂ ಬಂದವು. ದೇಶದ ಅತಿ ದೊಡ್ಡ ಐಟಿ ಕಂಪನಿ ಟಿ.ಸಿ.ಎಸ್., 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇ 25ರಷ್ಟು ಜನ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಹೇಳಿತು. ಅದೇ ಕಂಪನಿ 2023ರ ಅಕ್ಟೋಬರಿನಿಂದ ವಾರದ ಐದೂ ದಿನ ಬನ್ನಿ ಎಂದಿತು.

ಇದಕ್ಕಿಂತ ನನಗೆ ತಮಾಷೆ ಕಂಡದ್ದು ಸರ್ಕಾರದ ಒಂದು ಪತ್ರ. 2021ರ ಆಗಸ್ಟಿನಲ್ಲಿ ರಾಜ್ಯದ ಐಟಿ ಇಲಾಖೆ ಕಂಪನಿಗಳ ಒಕ್ಕೂಟ ನಾಸ್ಕಾಂಗೆ ಬರೆಯಿತು: ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದವರೆಗೆ ಮೆಟ್ರೊ ಕಾಮಗಾರಿ ಶುರುವಾಗಿದೆ, ನಿಮ್ಮವರನ್ನು 2022ರ ಡಿಸೆಂಬರ್‌ವರೆಗೆ ಮನೆಯಲ್ಲೇ ಇರಿಸಿ. ಜನ ಕಚೇರಿಗೆ ಬರಲೆಂದು ಮೆಟ್ರೊ. ಮೆಟ್ರೊ ಬರಲೆಂದು ಜನ ಕಚೇರಿಗೆ ಬರಬಾರದು! ಡಿಸೆಂಬರ್ ಬಂತು, ಹೋಯಿತು. ಜನ ವಾಪಸು ಬಂದರು, ರೈಲು ಮಾತ್ರ ಬರಲಿಲ್ಲ.

2022ರ ಮಾರ್ಚ್ 31ಕ್ಕೆ ಕೇಂದ್ರದ ಕೋವಿಡ್ ನಿರ್ಬಂಧಗಳು ಮುಗಿದವು. ಕಂಪನಿಗಳು ಕರೆಯಲಾರಂಭಿಸಿದವು, ಮೊದಲಿಗೆ ಬಾಯಿ ಮಾತಿನಲ್ಲಿ. “ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋಗಿ” ಎನ್ನುವ ದನಿ. ಕಾನೂನಿಗೂ ತನ್ನದೇ ತೊಡಕಿತ್ತು. ವಿಶೇಷ ಆರ್ಥಿಕ ವಲಯದ ಕಟ್ಟಡಗಳಿಗೆ ತೆರಿಗೆ ರಿಯಾಯಿತಿ ಸಿಗುವುದು ಕೆಲಸ ಆ ಆವರಣದಲ್ಲಿ ನಡೆಯುತ್ತದೆ ಎಂಬ ಆಧಾರದ ಮೇಲೆ. ಆದರೆ ಆವರಣದಲ್ಲಿ ನರಪಿಳ್ಳೆಯೂ ಇರಲಿಲ್ಲ. 2022ರ ಜುಲೈನಲ್ಲಿ ಕೇಂದ್ರ ಹೊಸ ನಿಯಮ ತಂದು ಅರ್ಧದಷ್ಟು ಜನ ಮನೆಯಿಂದ ದುಡಿಯಬಹುದು ಎಂದಿತು, ಡಿಸೆಂಬರಿನಲ್ಲಿ ಅದನ್ನೂ ಸಡಿಲಿಸಿ ಎಲ್ಲರಿಗೂ ಬಿಟ್ಟಿತು.

ಈ ನಡುವೆ ಮಳೆ. ಆಗಸ್ಟ್ 30ರ ಮಳೆಗೆ ಹೊರ ವರ್ತುಲ ರಸ್ತೆಯ 17 ಕಿಲೋಮೀಟರಿನ ಐಟಿ ಪಟ್ಟಿ ಕೆರೆಯಾಯಿತು. ಆ ಒಂದೇ ದಿನ 225 ಕೋಟಿ ರೂಪಾಯಿ ನಷ್ಟ ಎಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಸೆಪ್ಟೆಂಬರ್ ಮೊದಲ ವಾರ ಇನ್ನೂ ಜೋರು. ಯಮಲೂರಿನಲ್ಲಿ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ನಿಂತು, ಕೊರಳಿಗೆ ಐ.ಡಿ. ಕಾರ್ಡು ನೇತುಹಾಕಿಕೊಂಡವರು ಆಫೀಸಿಗೆ ಹೊರಟ ಚಿತ್ರ ಲೋಕವೆಲ್ಲ ಸುತ್ತಿತು. ಕಂಪನಿಗಳು ಮತ್ತೆ ‘ಮನೆಯಲ್ಲೇ ಇರಿ’ ಎಂದವು. ಮರಳಿ ಬರುವ ಕೆಲಸ ಹೀಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

2023ರ ಕೊನೆಗೆ ಬಾಯಿ ಮಾತು ಮುಗಿದು ಇಮೇಲ್ ಬಂತು. ವಿಪ್ರೊ ನವೆಂಬರ್ 15ರಿಂದ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಇನ್ಫೊಸಿಸ್ ತಿಂಗಳಿಗೆ ಹತ್ತು ದಿನದ ಲೆಕ್ಕ ತಂದಿತು. ಬೆಂಗಳೂರಿನ ಮಾತಿಗೆ ಒಂದು ಹೊಸ ಪದ ಸೇರಿದ್ದು ಆಗಲೇ: ಸ್ವೈಪ್. ‘ಆಫೀಸಿಗೆ ಹೋಗ್ತೀಯಾ’ ಎಂದು ಯಾರೂ ಕೇಳುವುದಿಲ್ಲ, ‘ಈ ವಾರ ಎಷ್ಟು ಸ್ವೈಪ್ ಆಯ್ತು’ ಎನ್ನುತ್ತಾರೆ. ಕಾರ್ಡು ತಾಗಿಸಿ, ಕಾಫಿ ಕುಡಿದು, ಹಿಂದಿನ ಗೇಟಿನಿಂದ ಮನೆಗೆ ಹೋಗುವ ಜಾಣರು ಹುಟ್ಟಿಕೊಂಡರು. ಅವರನ್ನು ಹಿಡಿಯಲು ಒಳಹೊಕ್ಕ ಹೊತ್ತು, ಹೊರಬಿದ್ದ ಹೊತ್ತು ಎರಡನ್ನೂ ಎಣಿಸುವ ಯಂತ್ರ ಬಂತು. ಎಚ್.ಎಂ.ಟಿ., ಐ.ಟಿ.ಐ. ಕಾರ್ಖಾನೆಗಳ ಕಾಲದಲ್ಲಿ ಸೈರನ್ ಕೂಗುತ್ತಿತ್ತು, ಈಗ ಗೇಟು ‘ಟಿಂಗ್’ ಅನ್ನುತ್ತದೆ. ಒಂದು ವ್ಯತ್ಯಾಸ: ಕಾರ್ಖಾನೆಯವನು ಒಳಗೆ ಹೋದರೆ ಅವನ ಯಂತ್ರ ಅಲ್ಲೇ ಇರುತ್ತಿತ್ತು. ಇವರ ಯಂತ್ರ ಬೆನ್ನ ಮೇಲಿನ ಚೀಲದಲ್ಲಿ ಹೋಗಿ, ಬೆನ್ನ ಮೇಲೇ ವಾಪಸು ಬರುತ್ತದೆ.

ಈಗ ಬುಧವಾರಕ್ಕೆ ಬರೋಣ. ಐದು ದಿನದಲ್ಲಿ ಮೂರು ದಿನ ಬರಬೇಕು. ಯಾರಾದರೂ ಬಿಡಿಬಿಡಿಯಾಗಿ ಬರುತ್ತಾರೆಯೇ? ಒಟ್ಟಿಗೆ ಮುಗಿಸಿಕೊಳ್ಳುತ್ತಾರೆ. ಸೋಮ-ಮಂಗಳ-ಬುಧ ಬಂದರೆ ಅದರಲ್ಲಿ ಬುಧವಾರ ಉಂಟು. ಮಂಗಳ-ಬುಧ-ಗುರು ಬಂದರೂ ಉಂಟು. ಬುಧ-ಗುರು-ಶುಕ್ರ ಬಂದರೂ ತಪ್ಪಲಿಲ್ಲ. ಹೇಗೆ ಕತ್ತರಿಸಿದರೂ ನಡುವಿನ ತುಂಡು ಬುಧವಾರದ್ದೇ. ಇದರ ಮೇಲೆ ‘ಟೀಮ್ ಎಲ್ಲ ಒಂದೇ ದಿನ ಬರಲಿ’ ಎಂಬ ಮ್ಯಾನೇಜರನ ಆಸೆ. ಅದನ್ನೂ ಬುಧವಾರಕ್ಕೇ ಇಡುತ್ತಾನೆ, ಆ ದಿನ ಹೇಗೂ ಎಲ್ಲರೂ ಸಿಗುತ್ತಾರಲ್ಲ! ಬುಧವಾರ ಭಾರವಾಗಲಿ ಎಂದು ಯಾರೂ ಆದೇಶ ಹೊರಡಿಸಲಿಲ್ಲ. ಒಂದನೇ ಕ್ಲಾಸಿನ ಲೆಕ್ಕ ಅದನ್ನು ಮಾಡಿತು.

ಹಾಗೆಂದು ನಗರ ಸುಮ್ಮನೆ ಕೂತಿಲ್ಲ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡನ್ನು ಮೆಜೆಸ್ಟಿಕ್ಕಿಗೆ ತಡೆಯಿಲ್ಲದೆ ಸೇರಿಸಿತು. ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಎಲೆಕ್ಟ್ರಾನಿಕ್ ಸಿಟಿಗೆ ಬಂತು. ಮೊದಮೊದಲು ಮೂರೇ ರೈಲು, 25 ನಿಮಿಷಕ್ಕೊಂದು.

ನನ್ನ ಅಕ್ಕನ ಮಗಳು ಶಿರಸಿ ಕಡೆಯವಳು, ಕೆಲಸ ಮಾರತಹಳ್ಳಿಯ ಹತ್ತಿರ. ಗುರುವಾರ ರಾತ್ರಿಯ ಬಸ್ಸಿಗೆ ಲ್ಯಾಪ್‌ಟಾಪ್ ಸಮೇತ ಹತ್ತುತ್ತಾಳೆ, ಶುಕ್ರವಾರ ಮತ್ತು ಸೋಮವಾರ ಅಡಿಕೆ ಅಂಗಳದ ಪಕ್ಕದ ಕೋಣೆಯಿಂದ ಕೆಲಸ, ಸೋಮವಾರ ರಾತ್ರಿ ಮತ್ತೆ ಬಸ್ಸು. ಪೊಲೀಸರ ಕೋರಿಕೆಯ ಸುದ್ದಿಯನ್ನು ಅವಳಿಗೆ ಓದಿ ಹೇಳಿದೆ. ಬುಧವಾರ ಮನೆಯಲ್ಲೇ ಇರುವುದಾದರೆ ಮೈ ಹಗುರಲ್ಲವೇ ಎಂದೆ. ಬೆರಳು ಮಡಿಚಿ ಎಣಿಸಿದಳು. “ಬುಧವಾರ ಬಿಟ್ರೆ ಮೂರನೇ ಸ್ವೈಪಿಗೆ ಸೋಮವಾರನೋ ಶುಕ್ರವಾರನೋ ಬರಲೇಬೇಕಲ್ಲ ಮಾವ. ಆಗ ಊರಿಗೆ ಸಿಗೋ ಎರಡು ದಿನದಲ್ಲಿ ಒಂದು ಹೋಯ್ತು. ನಂಗೆ ಬುಧವಾರದ ಟ್ರಾಫಿಕ್ಕೇ ಇರಲಿ ಬಿಡಿ.”