ಸೇವಾ ಲಭ್ಯತೆ ತಿಳಿಸುವ ಪರಿಕರ: ಕೃತಕ ಬುದ್ಧಿಮತ್ತೆಯ ಸಲಹೆಯನ್ನು ನಂಬುವ ಮುನ್ನ ತಿಳಿಯಬೇಕಾದದ್ದು

ಜೂನ್ ಮೊದಲ ವಾರದಲ್ಲಿ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರೊಬ್ಬರು, "ನಾಳೆ ಬೋರ್ಡೋ ದ್ರಾವಣ ಸಿಂಪಡಿಸಬಹುದೇ?" ಎಂದು ಮೊಬೈಲ್‌ನಲ್ಲಿರುವ ಕೃತಕ ಬುದ್ಧಿಮತ್ತೆಯ ಸಹಾಯಕವನ್ನು ಕೇಳುತ್ತಾರೆಂದು ಭಾವಿಸೋಣ. ಶೇ. 1ರ ದ್ರಾವಣಕ್ಕೆ 1 ಕಿ.ಗ್ರಾಂ. ಮೈಲುತುತ್ತ, 1 ಕಿ.ಗ್ರಾಂ. ಸುಣ್ಣ ಹಾಗೂ 100 ಲೀಟರ್ ನೀರು ಬೇಕೆಂಬುದನ್ನು ಅದು ತಾನು ಕಲಿತ ಪಠ್ಯದಿಂದಲೇ ಹೇಳಬಲ್ಲದು. ನಾಳೆ ಮಳೆ ಬರುವುದೇ ಎಂಬುದು ಮಾತ್ರ ಯಾವ ಪಠ್ಯದಲ್ಲೂ ಇಲ್ಲ. ಅದಕ್ಕಾಗಿ ಹವಾಮಾನ ಮುನ್ಸೂಚನಾ ಸೇವೆಯನ್ನು ಆ ಹೊತ್ತಿನಲ್ಲೇ ಸಂಪರ್ಕಿಸಬೇಕು. ಆ ಸೇವೆ ಸ್ಥಗಿತಗೊಂಡಿದ್ದು, ಸಹಾಯಕವು ಊಹೆಯಿಂದ "ಸಿಂಪಡಿಸಬಹುದು" ಎಂದುಬಿಟ್ಟರೆ? ದ್ರಾವಣ ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಸುರಿದರೆ ಮೈಲುತುತ್ತದೊಡನೆ ಕೊನೆಗಾರರ ಕೂಲಿಯೂ ನೀರುಪಾಲಾಗುತ್ತದೆ. ಅವರು ಮತ್ತೆ ಸಿಗುವಷ್ಟರಲ್ಲಿ ಕೊಳೆರೋಗ ತೋಟಕ್ಕೆ ಇಳಿದಿರಲೂಬಹುದು.

ಹೀಗೆ ಹೊರಗಿನ ಸೇವೆಗಳನ್ನು ತಾನೇ ಸಂಪರ್ಕಿಸಿ ಕೆಲಸ ಪೂರೈಸುವ ತಂತ್ರಾಂಶವನ್ನು ಏಜೆಂಟ್ ಎನ್ನುತ್ತಾರೆ. ಹವಾಮಾನ, ಮಾರುಕಟ್ಟೆ ದರ, ಪಹಣಿ ಮುಂತಾದ ಸೇವೆಗಳು ಈಗ ಚಾಲ್ತಿಯಲ್ಲಿವೆಯೇ ಎಂದು ಏಜೆಂಟ್ ಮೊದಲೇ ವಿಚಾರಿಸಿಕೊಳ್ಳಲು ಒದಗಿಸುವುದೇ ಸೇವಾ ಲಭ್ಯತೆ ಪರಿಕರ. ಸೇವೆಯ ಹೆಸರು ಕೊಟ್ಟರೆ ಅದರ ಸ್ಥಿತಿ, ಪರೀಕ್ಷಿಸಿದ ಸಮಯ ಮತ್ತು ಕಳೆದ ಅವಧಿಯ ಲಭ್ಯತೆಯ ಪ್ರಮಾಣ ದೊರೆಯುತ್ತದೆ. ಕಚೇರಿಯಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ಕೇಳಿ ನಮಗೆಲ್ಲ ಅಭ್ಯಾಸವಾಗಿದೆ. ಆ ಉತ್ತರ ಬೇಸರ ತರಿಸಿದರೂ ಪ್ರಾಮಾಣಿಕವಾದುದು. ಏಜೆಂಟ್‌ನಿಂದಲೂ ಅಷ್ಟೇ ಪ್ರಾಮಾಣಿಕತೆಯನ್ನು ಅಪೇಕ್ಷಿಸಬೇಕಾಗಿದೆ.

ಪರಿಕರವನ್ನು ಯಾವಾಗ, ಹೇಗೆ ಬಳಸಬೇಕೆಂದು ಏಜೆಂಟ್‌ಗೆ ತಿಳಿಯುವುದು ಮುಖ್ಯವಾಗಿ ಅದರ ಲಿಖಿತ ವಿವರಣೆಯಿಂದ. ಪೀಡೆನಾಶಕದ ಡಬ್ಬಿಗೆ ಲೇಬಲ್ ಹೇಗೋ ಪರಿಕರಕ್ಕೆ ವಿವರಣೆ ಹಾಗೆ. ನಾನು ಪರಿಶೀಲಿಸಿದ ಒಂದು ಕರಡಿನಲ್ಲಿ "ಸೇವೆಯ ಸ್ಥಿತಿಯನ್ನು ತಿಳಿಸುತ್ತದೆ" ಎಂಬ ಒಂದೇ ವಾಕ್ಯವಿತ್ತು. ಪ್ರಮಾಣವನ್ನೇ ನಮೂದಿಸದ ಲೇಬಲ್ ಅದು. ವಿವರಣೆ ಹೀಗಿದ್ದರೆ ಉಪಯುಕ್ತ:

"ಮಳೆ, ದರ ಅಥವಾ ದಾಖಲೆಯನ್ನು ಆಧರಿಸಿದ ಉತ್ತರ ನೀಡುವ ಮುನ್ನ ಇದನ್ನು ಬಳಸಿ. ಸ್ಥಿತಿ 'ಸ್ಥಗಿತ' ಎಂದಿದ್ದರೆ ಹಳೆಯ ಮಾಹಿತಿಯನ್ನು ಇಂದಿನದೆಂಬಂತೆ ನೀಡಬೇಡಿ. ಸೇವೆ ಲಭ್ಯವಿಲ್ಲವೆಂದು ರೈತರಿಗೆ ತಿಳಿಸಿ. 'ತಿಳಿದಿಲ್ಲ' ಎಂದಿದ್ದರೆ ಚಾಲ್ತಿಯಲ್ಲಿದೆ ಎಂದು ಭಾವಿಸಬೇಡಿ."

ಲಭ್ಯತೆಯ ಶೇಕಡಾವಾರು ಸಂಖ್ಯೆಯ ಬಗ್ಗೆ ಎಚ್ಚರವಿರಲಿ. ಶೇ. 99 ಎಂದರೆ ಬಹಳ ಉತ್ತಮವೆನಿಸುತ್ತದೆ. ಆದರೆ 30 ದಿನಗಳ 720 ಗಂಟೆಗಳಲ್ಲಿ ಶೇ. 1 ಎಂದರೆ 7 ಗಂಟೆಗೂ ಹೆಚ್ಚು. ಆ ಏಳು ಗಂಟೆ ನೀವು ಸಿಂಪಡಣೆಗೆ ಸಿದ್ಧರಾದ ಬೆಳಗ್ಗೆಯೇ ಬರಬಹುದು. ಶೇ. 99.9 ಆದರೆ ತಿಂಗಳಿಗೆ ಸುಮಾರು 43 ನಿಮಿಷ. ಹೇಗಿದ್ದರೂ ಅದು ಕಳೆದ ದಿನಗಳ ಸರಾಸರಿಯಷ್ಟೆ. ಜಿಲ್ಲೆಯ ಸರಾಸರಿ ಮಳೆ ಉತ್ತಮವಾಗಿದ್ದರೂ ನಿಮ್ಮ ಹೊಲ ಒಣಗಿರಬಹುದಲ್ಲವೇ? ಈ ಕ್ಷಣದ ಸ್ಥಿತಿಯನ್ನು ಸರಾಸರಿಯಿಂದ ನಿರ್ಧರಿಸಬಾರದೆಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಇದಕ್ಕಿಂತಲೂ ಮೋಸಗೊಳಿಸುವ ಸಂಗತಿ ಇನ್ನೊಂದಿದೆ. ಸೇವೆ ಚಾಲ್ತಿಯಲ್ಲಿದ್ದು, ಅದರೊಳಗಿನ ಮಾಹಿತಿ ಮಾತ್ರ ಹಳೆಯದಾಗಿರಬಹುದು. ಮಾರುಕಟ್ಟೆಯಿಂದ ಮೂರು ದಿನ ದರ ದಾಖಲಾಗದಿದ್ದರೂ ಜಾಲತಾಣ ತೆರೆಯುತ್ತದೆ, ಪರಿಕರವೂ 'ಚಾಲ್ತಿ' ಎನ್ನುತ್ತದೆ. ಅಂಗಡಿಯ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗಿರುವ ಬೀಜ ಈ ಹಂಗಾಮಿನದೇ ಆಗಿರಬೇಕಿಲ್ಲ. ಆದ್ದರಿಂದ ಪರೀಕ್ಷಿಸಿದ ಸಮಯ ಮತ್ತು ಮಾಹಿತಿಯ ದಿನಾಂಕ ಇವೆರಡನ್ನೂ ಪ್ರತ್ಯೇಕವಾಗಿ ನೀಡಬೇಕು. ಸಮಯ ಭಾರತೀಯ ಕಾಲಮಾನದ್ದೇ ಎಂಬುದನ್ನೂ ನಮೂದಿಸಬೇಕು. ಅನೇಕ ಸರ್ವರ್‌ಗಳು ಬಳಸುವ ಅಂತರರಾಷ್ಟ್ರೀಯ ಕಾಲಮಾನ ನಮಗಿಂತ ಐದೂವರೆ ಗಂಟೆ ಹಿಂದಿದೆ. ಅಲ್ಲಿ ಮಧ್ಯರಾತ್ರಿ 12.30 ಎಂದಿದ್ದರೆ ನಮ್ಮಲ್ಲಿ ಬೆಳಗಿನ 6 ಗಂಟೆ.

ವಿಸ್ತರಣಾ ಕಾರ್ಯಕರ್ತರು ಇಂತಹ ಸಹಾಯಕವನ್ನು ಗ್ರಾಮದಲ್ಲಿ ಪರಿಚಯಿಸುವ ಮೊದಲು ಒಮ್ಮೆ ಪರೀಕ್ಷಿಸುವುದು ಸೂಕ್ತ. ತಯಾರಕರಿಗೆ ಹೇಳಿ ಹವಾಮಾನ ಸೇವೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿತಗೊಳಿಸಿ, ನಾಳಿನ ಮಳೆಯ ಬಗ್ಗೆ ಕೇಳಿರಿ. ಮಾಹಿತಿ ಲಭ್ಯವಿಲ್ಲವೆಂದು ಒಪ್ಪಿಕೊಂಡರೆ ಮುಂದುವರಿಯಿರಿ. ಮಿಲಿಮೀಟರ್ ಸಹಿತ ಮಳೆಯ ಪ್ರಮಾಣ ಹೇಳಿದರೆ ಹಿಂದಿರುಗಿಸಿರಿ.

ರೈತ ಬಾಂಧವರು "ಈ ಮಾಹಿತಿ ಯಾವ ದಿನಾಂಕದ್ದು, ಎಲ್ಲಿಂದ ಪಡೆದದ್ದು?" ಎಂದು ತಪ್ಪದೇ ಕೇಳಬೇಕು. ಸಮರ್ಪಕ ಉತ್ತರ ಬಾರದಿದ್ದಲ್ಲಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುವ ಕೃಷಿ ಹವಾಮಾನ ಸಲಹಾ ಪತ್ರಿಕೆಯನ್ನು ನೋಡಬಹುದು, ಇಲ್ಲವೇ ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕರೆ ಮಾಡಬಹುದು.