ಸದ್ದು ಬಂದದ್ದು ಯಾವ ಕಡೆಯಿಂದ?

ಅಳದಂಗಡಿಯಿಂದ ನಾರಾವಿ ಕಡೆಗೆ ರಸ್ತೆಯ ಬದಿಯಲ್ಲಿ ನಡೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ತಿರುವಿನಾಚೆ ಬಸ್ಸಿನ ಹಾರ್ನ್ ಕೇಳುತ್ತದೆ. ಬಸ್ಸು ಕಣ್ಣಿಗೆ ಬೀಳುವ ಮೊದಲೇ ನೀವು ಬದಿಗೆ ಸರಿದಿರುತ್ತೀರಿ. ಅಡಿಕೆ ತೋಟದೊಳಗಿಂದ ಯಾರಾದರೂ ‘ಕೂ’ ಹಾಕಿದರೂ ಅಷ್ಟೆ, ಮುಖ ತಾನಾಗಿ ಆ ಕಡೆಗೇ ತಿರುಗುತ್ತದೆ. ಇದು ಹೇಗೆ ಸಾಧ್ಯ?

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ತುಸು ತಡವಾಗಿ ತಲಪುತ್ತದೆ. ಈ ತಡ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಮೆದುಳಿಗೆ ಅಷ್ಟೇ ಸಾಕು. ಮದ್ದಳೆಯಂತಹ ತಗ್ಗಿನ ದನಿಗೆ ಅದು ಈ ಸಮಯದ ಲೆಕ್ಕವನ್ನು ಹಿಡಿಯುತ್ತದೆ. ಚಕ್ರತಾಳದಂತಹ ಕೀರಲು ಸದ್ದಿಗೆ ತಲೆಯೇ ಅಡ್ಡವಾಗಿ, ಆಚೆಯ ಕಿವಿಗೆ ಸದ್ದು ಕ್ಷೀಣವಾಗಿ ಕೇಳುವುದರಿಂದ ದಿಕ್ಕು ತಿಳಿಯುತ್ತದೆ. ಬ್ರಿಟಿಷ್ ವಿಜ್ಞಾನಿ ಲಾರ್ಡ್ ರೇಲೀ 1907ರಲ್ಲೇ ಇದನ್ನು ವಿವರಿಸಿದ್ದರು. ಇನ್ನು ಹಿಂದು ಮುಂದು, ಮೇಲೆ ಕೆಳಗೆ ತಿಳಿಯಲು ಹೊರಗಿವಿಯ ಮಡಿಕೆಗಳು ನೆರವಾಗುತ್ತವೆ. ಓಲೆ ತೂಗಿಸಲು ಮಾತ್ರವೇ ಅವು ಇರುವುದಲ್ಲ!

ಒಂದು ಕಿವಿ ಕೆಟ್ಟರೆ ಈ ಲೆಕ್ಕ ತಪ್ಪುತ್ತದೆ. ‘ಇನ್ನೊಂದು ಸರಿ ಇದೆಯಲ್ಲ, ಸಾಕು’ ಎನ್ನುವವರಿದ್ದಾರೆ. ಸಾಲದು. ಮನೆಯೊಳಗೆ ಮಾತು ಚೆನ್ನಾಗಿಯೇ ಕೇಳುವುದರಿಂದ ದೋಷ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಆದರೆ ಅಂಥವರಿಗೆ ಎಲ್ಲ ಸದ್ದೂ ಒಳ್ಳೆಯ ಕಿವಿಯ ಕಡೆಯಿಂದಲೇ ಬಂದಂತೆ ಅನಿಸುತ್ತದೆ. ಅವರು ರಸ್ತೆ ದಾಟುವಾಗ ವಾಹನವಿಲ್ಲದ ಕಡೆಗೆ ನೋಡಿಬಿಡಬಹುದು. ಜಾತ್ರೆಯ ಗದ್ದಲದಲ್ಲಿ ಪಕ್ಕದವರ ಮಾತೂ ಹಿಡಿಯಲಾಗದು.

ಮಕ್ಕಳಲ್ಲಿ ಮಂಗನಬಾವು ಅಪರೂಪಕ್ಕೆ ಒಂದು ಕಿವಿಯನ್ನು ಪೂರ್ತಿ ಕೆಡಿಸುತ್ತದೆ. ಎಂಎಂಆರ್ ಲಸಿಕೆಯ ಬಗ್ಗೆ ಮಕ್ಕಳ ತಜ್ಞರನ್ನು ಕೇಳಿ. ಕರೆದಾಗ ಮಗು ಸುತ್ತಲೂ ಹುಡುಕುತ್ತದೆಯೇ? ಫೋನನ್ನು ಸದಾ ಒಂದೇ ಕಿವಿಗೆ ಹಿಡಿಯುತ್ತದೆಯೇ? ಗಮನಿಸಿ. ಬೇಕಿದ್ದರೆ ಅಂಗಳದಲ್ಲಿ ಕಣ್ಣು ಮುಚ್ಚಿ ಕೂರಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೀಲಿಗೊಂಚಲು ಅಲುಗಿಸಿ, ಬೆರಳು ತೋರಿಸಲು ಹೇಳಿ. ಹಿಂದು ಮುಂದು ತಪ್ಪುವುದು ಆರೋಗ್ಯವಂತರಲ್ಲೂ ಉಂಟು. ಎಡ ಬಲವೇ ಮತ್ತೆ ಮತ್ತೆ ತಪ್ಪಿದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಕಿವಿ, ಮೂಗು, ಗಂಟಲು ತಜ್ಞರ ಬಳಿ ಇದು ಕಷ್ಟದ ಕೆಲಸವೇನಲ್ಲ. ಇದಕ್ಕೆಂದೇ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ.

ಎಷ್ಟೋ ಸಲ ತೊಂದರೆ ಬರೀ ಕುಗ್ಗೆಯದ್ದು, ತೆಗೆಸಿದರೆ ಮುಗಿಯಿತು. ಕಡ್ಡಿ, ಪಿನ್ನು ಹಾಕಬೇಡಿ. ಕಿವಿಯ ಹತ್ತಿರ ಗರ್ನಾಲು ಸಿಡಿದು ಕೇಳಿಸದಂತಾದರೆ, ಅಥವಾ ಬೆಳಗ್ಗೆ ಏಳುವಾಗಲೇ ಒಂದು ಕಿವಿ ಮಂದವಾಗಿದ್ದರೆ, ಎಣ್ಣೆ ಬಿಟ್ಟು ವಾರಗಟ್ಟಲೆ ಕಾಯಬೇಡಿ. ಇದ್ದಕ್ಕಿದ್ದಂತೆ ಬರುವ ಕಿವುಡಿಗೆ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಅಂದೋ ಮರುದಿನವೋ ವೈದ್ಯರನ್ನು ಕಾಣಿ.

ಈಗಾಗಲೇ ಒಂದು ಕಿವಿ ಕಳೆದುಕೊಂಡವರಿಗೆ, ಆ ಕಡೆಯ ಸದ್ದನ್ನು ಒಳ್ಳೆಯ ಕಿವಿಗೆ ದಾಟಿಸುವ ಶ್ರವಣಸಾಧನಗಳಿವೆ. ಆದರೆ ಅವು ದಿಕ್ಕನ್ನು ಮರಳಿ ಕೊಡವು. ಅಂಥವರು ರಸ್ತೆಯಲ್ಲಿ ವಾಹನಗಳು ಎದುರಾಗಿ ಬರುವ ಬಲಬದಿಯಲ್ಲೇ ನಡೆಯಲಿ, ದಾಟುವಾಗ ಎರಡೂ ಕಡೆ ಕತ್ತು ತಿರುಗಿಸಿ ನೋಡಲಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವ ಹುಡುಗರಿಗೂ ಇದೇ ಸಲಹೆ.