ಹೆಬ್ಬೆಟ್ಟಿಗೆ ಬೀಗ

ತಾಲ್ಲೂಕು ಕಚೇರಿ ಇದ್ದಲ್ಲಿ ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಅದರ ಮುಂದೆ ಒಂದಿಷ್ಟು ಹೊತ್ತು ನಿಂತು ನೋಡಿ. ‘ಅಣ್ಣಾ, ಆಧಾರ್ ಎರಡು ಕಾಪಿ, ಹಿಂದೆ ಮುಂದೆ ಒಂದೇ ಪೇಜಲ್ಲಿ’ ಅಂತ ಒಬ್ಬರು. ‘ಯಾವುದಕ್ಕೂ ಇರಲಿ, ಇನ್ನೊಂದು ಹೊಡೀರಿ’ ಅಂತ ಇನ್ನೊಬ್ಬರು. ಕಾರ್ಡು ಮನೆಯಲ್ಲೇ ಬಿಟ್ಟು ಬಂದವರು ಮಗಳಿಗೆ ಫೋನು ಹಚ್ಚಿ, ಫೋಟೊ ತರಿಸಿಕೊಂಡು, ಅಂಗಡಿಯವನ ವಾಟ್ಸ್‌ಆ್ಯಪ್‌ಗೆ ದಾಟಿಸುತ್ತಾರೆ. ಮಸಿ ಹತ್ತದ ಪ್ರತಿಗಳು ಮೂಲೆಯ ರಟ್ಟಿನ ಡಬ್ಬಕ್ಕೆ ಬೀಳುತ್ತವೆ. ಸಂಜೆ ಹೊತ್ತಿಗೆ ಅಂಗಡಿಯವನ ಮೊಬೈಲಿನಲ್ಲಿ ಅರ್ಧ ಹೋಬಳಿಯ ಹೆಸರು, ವಿಳಾಸ, ಹುಟ್ಟಿದ ತಾರೀಕು ಸೇರಿರುತ್ತವೆ. ಅವನೇನೂ ಕಳ್ಳನಲ್ಲ. ಅಳಿಸುತ್ತಾ ಕೂರಲು ಅವನಿಗೆ ಪುರುಸೊತ್ತಿಲ್ಲ, ಅಷ್ಟೆ.

ಖಾಸಗಿತನದ ಮಾತೆತ್ತಿದರೆ ‘ನಾವೇನು ಕದ್ದಿದ್ದೀವಾ ಮುಚ್ಚಿಡೋಕೆ?’ ಅನ್ನುವವರೇ ಹೆಚ್ಚು. ಈ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸಿದೆ ಅಂತ ನನಗನ್ನಿಸುತ್ತದೆ. ಯಾಕೆಂದರೆ 2023ರಲ್ಲಿ ಬೆಂಗಳೂರು, ಮಂಗಳೂರಿನ ಕಡೆ ಖಾತೆಯಿಂದ ದುಡ್ಡು ಕಳೆದುಕೊಂಡ ಎಷ್ಟೋ ಜನ ಮುಚ್ಚಿಡುವಂಥದ್ದೇನೂ ಇಲ್ಲದವರೇ. ಅವರು ಯಾವ ಲಿಂಕೂ ಒತ್ತಿರಲಿಲ್ಲ, ಯಾರಿಗೂ ಓಟಿಪಿ ಹೇಳಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಸೈಟಿಗೋ ಮನೆಗೋ ಸಂಬಂಧಪಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದರು. ಆಮೇಲೊಂದು ದಿನ ಖಾತೆಯಿಂದ ಹತ್ತು ಸಾವಿರ ಹೋಗಿದೆ ಅನ್ನುವ ಮೆಸೇಜು ಬಂತು.

ಅದು ನಡೆದ ಬಗೆ ನೋಡಿ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಒಂದು ಪುಟ್ಟ ಯಂತ್ರ ಇಟ್ಟುಕೊಂಡು ದುಡ್ಡು ಕೊಡುತ್ತಾರಲ್ಲ, ಅದಕ್ಕೆ ಎಇಪಿಎಸ್ ವ್ಯವಸ್ಥೆ ಅನ್ನುತ್ತಾರೆ. ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳು, ಈ ಮೂರಿದ್ದರೆ ಸಾಕು. ಎಟಿಎಂ ಕಾರ್ಡು ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ನೋಂದಣಿಯಾದ ಪತ್ರದಲ್ಲಿ ಆಧಾರ್ ನಂಬರೂ ಇತ್ತು, ಬೆರಳಚ್ಚೂ ಇತ್ತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಂಥ ಪತ್ರಗಳನ್ನು ಇಳಿಸಿಕೊಂಡು, ಅಚ್ಚಿನ ನಕಲು ತೆಗೆದು, ಯಂತ್ರದ ಮೇಲೆ ಒತ್ತಿ ದುಡ್ಡು ಎತ್ತಿದ್ದಾರೆ ಅನ್ನುವುದು ಪೊಲೀಸರ ತನಿಖೆಯಲ್ಲಿ ಹೊರಬಂತು. ಬಿಹಾರದ ಕಡೆಯವರ ಬಂಧನವೂ ಆಯಿತು. ಆಮೇಲೆ ಇಲಾಖೆ ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಚುವ ಕೆಲಸಕ್ಕೆ ಕೈಹಾಕಿತು. ಯಂತ್ರಕ್ಕೆ ತಗಲಿದ್ದು ಜೀವಂತ ಬೆರಳೋ ನಕಲೋ ಎಂದು ಪರೀಕ್ಷಿಸುವ ಹೊಸ ತಂತ್ರ ತಂದಿದ್ದೇವೆ ಎಂದು ಆಧಾರ್ ಪ್ರಾಧಿಕಾರ ಹೇಳಿದ್ದೂ ಅದೇ ವರ್ಷದ ಫೆಬ್ರುವರಿಯಲ್ಲಿ.

ಪಾಸ್‌ವರ್ಡು ಸೋರಿಹೋದರೆ ಬೇರೆ ಇಟ್ಟುಕೊಳ್ಳಬಹುದು. ಎಟಿಎಂ ಕಾರ್ಡು ಕಳೆದರೆ ಬ್ಲಾಕ್ ಮಾಡಿಸಿ ಹೊಸದು ತರಬಹುದು. ಹೆಬ್ಬೆಟ್ಟಿಗೆ ಆ ಸವಲತ್ತಿಲ್ಲ. ಮೊದಲೆಲ್ಲ ಓದುಬರಹ ಬಾರದವರು ಮಾತ್ರ ಒತ್ತುತ್ತಿದ್ದರು, ಈಗ ಪಿಎಚ್.ಡಿ. ಮಾಡಿದವರೂ ಸಿಮ್ ಕೊಳ್ಳಲು ಬೆರಳು ಚಾಚುತ್ತಾರೆ.

ಜೆರಾಕ್ಸ್ ಕೊಡಬೇಡಿ ಎಂದು ಸರ್ಕಾರದವರೇ ಒಮ್ಮೆ ಹೇಳಿದ್ದರು ಅಂದರೆ ಈಗ ಯಾರೂ ನಂಬಲಿಕ್ಕಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಪರವಾನಗಿ ಇಲ್ಲದ ಹೋಟೆಲು, ಸಿನಿಮಾ ಮಂದಿರದವರು ಪ್ರತಿ ಇಟ್ಟುಕೊಳ್ಳುವಂತಿಲ್ಲ ಎಂದು ಅದರಲ್ಲಿತ್ತು. ಚೆನ್ನಾದ ಮಾತು. 29ಕ್ಕೆ ದೆಹಲಿಯಿಂದ ಇನ್ನೊಂದು ಪ್ರಕಟಣೆ ಬಂತು: ಜನ ತಪ್ಪು ತಿಳಿಯುವ ಸಾಧ್ಯತೆ ಇರುವುದರಿಂದ ಮೊದಲಿನದನ್ನು ಹಿಂಪಡೆದಿದ್ದೇವೆ, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು. ತಪ್ಪು ತಿಳಿಯುವುದಕ್ಕೆ ಅದರಲ್ಲಿ ಏನಿತ್ತೋ! ಬೆಂಗಳೂರಿನ ಕಚೇರಿ ಹೇಳಿದ್ದು ಸರಿಯಾಗಿಯೇ ಇತ್ತು ಅನ್ನುವವನು ನಾನು.

ಈ ವಿಷಯದಲ್ಲಿ ಬೆಂಗಳೂರಿನ ಪಾತ್ರವೇ ಸೋಜಿಗದ್ದು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಈ ಊರಿನವರು. ಅದೇ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಇದೇ ಊರಿನಲ್ಲಿದ್ದವರು. ಆಗ ಅವರಿಗೆ 86 ವರ್ಷ. ಮೊಮ್ಮಕ್ಕಳ ಜತೆ ಕಾಲ ಕಳೆಯುವ ವಯಸ್ಸಿನಲ್ಲಿ ಹಾಕಿದ ಆ ಅರ್ಜಿಯಿಂದಾಗಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷದ ಸೆಪ್ಟೆಂಬರಿನ ತೀರ್ಪು ಆಧಾರನ್ನು ಉಳಿಸಿತಾದರೂ ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾನೂನು ಓದುವ ಮಕ್ಕಳಿಗೆಲ್ಲ ಅವರ ಹೆಸರು ಬಾಯಿಪಾಠ. ಅವರ ಊರಿನ ಪಿಜಿ ಓನರುಗಳಿಗೆ ಮಾತ್ರ ಆ ತೀರ್ಪಿನ ಸುದ್ದಿ ಇನ್ನೂ ಮುಟ್ಟಿಲ್ಲ.

ಪಿಜಿ ಅಂದಾಗ ನೆನಪಾಯಿತು. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಆಫೀಸಿನಲ್ಲಿ ಎಷ್ಟು ಕಟ್ಟುನಿಟ್ಟು! ಪಾಸ್‌ವರ್ಡು ಆಗಾಗ ಬದಲಿಸಬೇಕು, ಲಾಗಿನ್ ಆಗಲು ಎರಡೆರಡು ಹಂತ, ಎಚ್ಚರ ಇದ್ದಾರೋ ಇಲ್ಲವೋ ನೋಡಲು ಕಂಪನಿಯೇ ಸುಳ್ಳು ಮೇಲ್ ಕಳಿಸಿ ಪರೀಕ್ಷಿಸುತ್ತದೆ. ಕಂಪನಿಯ ಮಾಹಿತಿಗೆ ಅಷ್ಟು ಕಾವಲು. ಅದೇ ಹುಡುಗಿ ಸಂಜೆ ಪಿಜಿಗೆ ಸೇರುವಾಗ ಆಧಾರ್, ಫೋಟೊ, ಅಪ್ಪನ ನಂಬರು, ಕಂಪನಿಯ ಐಡಿ ಎಲ್ಲವನ್ನೂ ಓನರಿನ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾಳೆ. ತಿಳಿವಳಿಕೆ ಇಲ್ಲ ಅಂತಲ್ಲ. ಕೊಡದಿದ್ದರೆ ರೂಮು ಸಿಗುವುದಿಲ್ಲ. ಅಂಗಡಿಯ ಬಿಲ್ ಕೌಂಟರಿನಲ್ಲಿ ಮೊಬೈಲ್ ನಂಬರು ಕೇಳುವುದೂ ಹೀಗೇ. ನಂಬರಿಗಾಗಿ ಪಟ್ಟು ಹಿಡಿಯಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ಹೇಳಿದೆ. ಆದರೆ ಹಿಂದೆ ನಾಲ್ಕು ಜನ ಕ್ಯೂನಲ್ಲಿ ನಿಂತಿರುವಾಗ ವಾದಕ್ಕೆ ನಿಲ್ಲುವವರು ಯಾರು?

ಹೊಸ ಕಾನೂನು ಬಂದಿದೆಯಲ್ಲ ಅನ್ನಬಹುದು. ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು, ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಟ್ಟಳೆಗಳಿಗೆ ಒಗ್ಗಿಕೊಳ್ಳಲು ಕಂಪನಿಗಳಿಗೆ ಸಿಕ್ಕ ಗಡುವು 18 ತಿಂಗಳು. ತಪ್ಪು ಮಾಡಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಆ ದಂಡ ಹೋಗುವುದು ಸರ್ಕಾರದ ಬೊಕ್ಕಸಕ್ಕೆ, ಮಾಹಿತಿ ಸೋರಿ ನಷ್ಟ ಅನುಭವಿಸಿದವರ ಕೈಗಲ್ಲ. ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಡಿಜಿಟಲ್‌ಗೆ ಏರಿಸಿದ ಮಾಹಿತಿಗೆ ಮಾತ್ರ. ಅಂದರೆ ಲಾಡ್ಜಿನ ಮೇಜಿನ ಡ್ರಾಯರಿನಲ್ಲಿ ದಾರ ಕಟ್ಟಿಟ್ಟ ಜೆರಾಕ್ಸ್ ಕಟ್ಟು ಇದರ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ದೇಶದಲ್ಲಿ ಮಾಹಿತಿ ಸೋರುವುದು ಹೆಚ್ಚಾಗಿ ಕಂಪ್ಯೂಟರಿನಿಂದ ಅಂತ ಕಾಯ್ದೆ ಬರೆದವರು ತಿಳಿದಂತಿದೆ.

ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಕಳ್ಳರು ಇನ್ನೊಂದು ಖಾತೆಗೆ ದಾಟಿಸುವ ಮೊದಲೇ ತಡೆಹಿಡಿಯುವ ಅವಕಾಶ ಅಲ್ಲಿದೆ. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ದೂರು ಕೊಡಬೇಕು. ಗ್ರಾಹಕರದೂ ಅಲ್ಲದ, ಬ್ಯಾಂಕಿನದೂ ಅಲ್ಲದ ಕಾರಣಕ್ಕೆ ದುಡ್ಡು ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಷ್ಟ ಗ್ರಾಹಕರ ಮೇಲೆ ಬರಬಾರದು ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ನಿಯಮ ಮಾಡಿತು. ತಪ್ಪು ಗ್ರಾಹಕರದೇ ಎಂದು ರುಜುವಾತು ಮಾಡುವ ಹೊಣೆಯೂ ಬ್ಯಾಂಕಿನದೇ. ‘ನಿಮ್ಮ ಬೆರಳೇ ಮ್ಯಾಚ್ ಆಗಿದೆಯಲ್ಲ’ ಅಂತ ಕೌಂಟರಿನಲ್ಲಿ ಯಾರಾದರೂ ಅಂದರೆ ಈ ನಿಯಮದ ಹೆಸರು ಹೇಳಬಹುದು.

ಇದೆಲ್ಲಕ್ಕಿಂತ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ಪ್ರಾಧಿಕಾರದ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಬಯೋಮೆಟ್ರಿಕ್ ಲಾಕ್ ಅಂತ ಒಂದಿದೆ. ಅದನ್ನು ಹಾಕಿಬಿಟ್ಟರೆ ನಕಲು ಬೆರಳಿರಲಿ, ಅಸಲಿ ಬೆರಳನ್ನೂ ಯಂತ್ರ ಒಪ್ಪುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಬೆರಳಿಟ್ಟು ಬದುಕುವ ಅಗತ್ಯವಿಲ್ಲದ, ಸ್ಮಾರ್ಟ್‌ಫೋನ್ ಇರುವ ನಮ್ಮಂಥವರು ಇವತ್ತೇ ಹಾಕಿಕೊಳ್ಳಬಹುದು.

ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ, ಬ್ಯಾಂಕ್ ಮಿತ್ರನ ಬಳಿ ಪಿಂಚಣಿಗೆ, ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ‘ಥಂಬ್’ ಕೊಡಬೇಕಾದ ಅಜ್ಜಿಯ ಕಥೆ ಬೇರೆ. ಗೇಯ್ದು ಸವೆದ ಬೆರಳು ಬೀಗವಿಲ್ಲದಾಗಲೇ ಮೂರು ಸಲ ಒರೆಸಿ ಒತ್ತಿದರೂ ಹಿಡಿಯುವುದಿಲ್ಲ. ಬೀಗ ಹಾಕಿದರೆ ಪ್ರತಿ ಸಲ ತೆರೆಯಲು ಓಟಿಪಿ ಬೇಕು. ಎಷ್ಟೋ ಮನೆಗಳಲ್ಲಿ ಆಧಾರಿಗೆ ಜೋಡಿಸಿರುವುದು ಮಗನ ನಂಬರು. ಮಗ ಇರುವುದು ಬೆಂಗಳೂರಿನಲ್ಲಿ. ನ್ಯಾಯಬೆಲೆ ಅಂಗಡಿಯವನು ಫೋನು ಮಾಡಿದಾಗ ಅವನು ಎತ್ತಿದರೆ ಅಕ್ಕಿ, ಇಲ್ಲದಿದ್ದರೆ ನಾಳೆ ಬನ್ನಿ.